ಶಿಬಿರದ ಫೋಟೋ ಸಾಕು, ರಿಪೋರ್ಟ್ ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಂಡ್ಯ ಪುಟದಲ್ಲಿ ಆಗಾಗ ಒಂದು ಫೋಟೋ ಬರುತ್ತದೆ. ಶಾಮಿಯಾನ, ಹಿಂದೆ ದೊಡ್ಡ ಬ್ಯಾನರ್, ಮುಂದೆ ದೀಪ ಹಚ್ಚುತ್ತಿರುವ ಗಣ್ಯರು, ಪಕ್ಕದಲ್ಲಿ ಸೆರಗು ಸರಿ ಮಾಡಿಕೊಂಡು ನಿಂತ ಆಶಾ ಕಾರ್ಯಕರ್ತೆಯರು. ಕೆಳಗೆ ‘ಉಚಿತ ಗರ್ಭಕಂಠ ಕ್ಯಾನ್ಸರ್ ತಪಾಸಣಾ ಶಿಬಿರ, ನೂರಾರು ಮಹಿಳೆಯರಿಗೆ ತಪಾಸಣೆ’ ಅಂತ ಒಂದು ಸಾಲು. ಅದನ್ನು ಓದಿದಾಗೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ. ಆ ನೂರಾರು ಮಹಿಳೆಯರಲ್ಲಿ ಎಷ್ಟು ಜನರ ಕೈಗೆ ರಿಪೋರ್ಟ್ ಸಿಕ್ಕಿತು? ಎಷ್ಟು ಜನರಿಗೆ ‘ಇನ್ನೊಮ್ಮೆ ಬನ್ನಿ’ ಅಂತ ಹೇಳಿದರು? ಬನ್ನಿ ಅಂದವರಲ್ಲಿ ಎಷ್ಟು ಜನ ಬಂದರು? ಇದು ಯಾವ ಪ್ರೆಸ್ ನೋಟಿನಲ್ಲೂ ಇರುವುದಿಲ್ಲ. ಇನ್ನು ಮುಂದೆ ಇಂಥ ಸುದ್ದಿ ಬಂದಾಗ ನಿಮ್ಮ ವರದಿಗಾರರು ಈ ಮೂರನ್ನೂ ಕೇಳಿ, ಸಿಕ್ಕ ಉತ್ತರವನ್ನು, ಅಥವಾ ಉತ್ತರ ಸಿಗಲಿಲ್ಲ ಅನ್ನುವುದನ್ನು, ಹಾಗೇ ಅಚ್ಚು ಹಾಕಬೇಕು ಅಂತ ಕೇಳಿಕೊಳ್ಳುತ್ತೇನೆ.

ನಾನು ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಜನ ನರ್ಸಮ್ಮ ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ಹಾಗಾಗಿ ದೂರದಿಂದ ನೋಡಿ ಬರೆಯುತ್ತಿಲ್ಲ. ಇಲಾಖೆಯವರನ್ನು ಬೈಯುವ ಆಸೆಯೂ ಇಲ್ಲ, ಅವರಲ್ಲಿ ಅರ್ಧ ಜನ ನನಗೆ ಗೊತ್ತಿರುವವರೇ.

ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಒಂದು ವಿಚಿತ್ರ ಕಾಯಿಲೆ. ವಿಚಿತ್ರ ಯಾಕೆಂದರೆ ಅದು ಬರುವ ಮುಂಚೆ ನಮಗೆ ಅಷ್ಟೊಂದು ಟೈಮ್ ಕೊಡುತ್ತದೆ. ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಇದು ಬರುತ್ತದೆ ಅಂತ ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ ಬಹುಪಾಲು ಹೆಂಗಸರಿಗೆ ಜೀವನದಲ್ಲಿ ಯಾವಾಗಲಾದರೂ ತಗುಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಅದು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಇಷ್ಟು ವರ್ಷದಲ್ಲಿ ಒಂದು ಸಲ ಸರಿಯಾಗಿ ನೋಡಿದರೂ ಹಿಡಿಯಬಹುದು, ಹಿಡಿದರೆ ಕೆಲವೇ ನಿಮಿಷದ ಚಿಕಿತ್ಸೆಯಲ್ಲಿ ಮುಗಿಸಬಹುದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1 ಲಕ್ಷ 27 ಸಾವಿರಕ್ಕೂ ಜಾಸ್ತಿ ಹೆಂಗಸರಿಗೆ ಇದು ಹೊಸದಾಗಿ ಬಂತು, 80 ಸಾವಿರದ ಹತ್ತಿರ ಜನ ತೀರಿಕೊಂಡರು. ಅಷ್ಟೊಂದು ಕಾಲಾವಕಾಶ ಇದ್ದೂ ಇಷ್ಟು ಸಾವು ಅಂದರೆ ಏನರ್ಥ? ಯಾರೂ ನೋಡಿಲ್ಲ ಅಂತ ತಾನೇ?

ಕಾಗದದ ಮೇಲೆ ಎಲ್ಲಾ ಇದೆ. ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ: 30ರಿಂದ 65 ವಯಸ್ಸಿನ ಪ್ರತಿಯೊಬ್ಬ ಹೆಂಗಸಿಗೂ 5 ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ, ಅದೂ ಮನೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ. ಆಮೇಲೆ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 30ರಿಂದ 49ರ ಹೆಂಗಸರನ್ನು ಕೇಳಿದರು, ‘ಒಂದು ಸಲವಾದರೂ ಈ ಪರೀಕ್ಷೆ ಮಾಡಿಸಿದ್ದೀರಾ?’ ಇಡೀ ದೇಶದಲ್ಲಿ ಹೌದು ಅಂದವರು ನೂರಕ್ಕೆ 1.9. ಅಂದರೆ ಇಬ್ಬರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟುಕೊಂಡಿರುವ ಗುರಿ ನೂರಕ್ಕೆ 70. ಈ ಎರಡು ಸಂಖ್ಯೆಯ ನಡುವಿನ ದೂರವನ್ನು ಶಾಮಿಯಾನ ಹಾಕಿ ದಾಟುವುದಕ್ಕೆ ಆಗುವುದಿಲ್ಲ.

ಶಿಬಿರದಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ ಕೇಳಿ. ಹಿಂದಿನ ದಿನ ಸಂಜೆ ಆಶಾಗೆ ಫೋನ್ ಬರುತ್ತದೆ, ನಾಳೆ ಇಷ್ಟು ಜನರನ್ನು ಕರೆದುಕೊಂಡು ಬಾ. ಅವಳು ಪಾಪ ಯಾರು ಸಿಗುತ್ತಾರೋ ಅವರನ್ನು ಕರೆತರುತ್ತಾಳೆ. ಸಿಗುವವರು ಯಾರು? ಅವಳ ಮಾತಿಗೆ ಬೆಲೆ ಕೊಡುವವರು, ಮನೆ ಹತ್ತಿರದವರು, ಅವತ್ತು ಕೂಲಿ ಇಲ್ಲದವರು. ಹೋದ ಶಿಬಿರಕ್ಕೆ ಬಂದವರೇ ಈ ಸಲವೂ ಬಂದಿರುತ್ತಾರೆ. ಯಾವತ್ತೂ ಬಾರದವರು ಯಾವತ್ತೂ ಬರುವುದಿಲ್ಲ. ಬಂದ ಹೆಂಗಸರು ಮೊದಲು ಕೇಳುವುದು ‘ಲೇಡಿ ಡಾಕ್ಟ್ರು ಅವ್ರಾ?’ ಆಮೇಲೆ ಒಳಗಿನ ಕೋಣೆಗೆ ಇಣುಕಿ ನೋಡುತ್ತಾರೆ. ಟೇಬಲ್ಲಿನ ಕಾಲು ಬದಿ ಬಾಗಿಲ ಕಡೆಗೇ ಇರುತ್ತದೆ, ಬಾಗಿಲಿಗೆ ಚಿಲಕ ಸರಿಯಾಗಿ ಬೀಳುವುದಿಲ್ಲ, ಪರದೆ ಅಂತ ಕಟ್ಟಿರುವುದು ಅರ್ಧಕ್ಕೇ ನಿಂತಿರುತ್ತದೆ. ಕರೆಂಟ್ ಹೋದರೆ ಮೊಬೈಲ್ ಟಾರ್ಚ್. ಇಷ್ಟು ನೋಡಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ನಾಲ್ಕೈದು ಜನ ‘ಎಮ್ಮೆ ಕಟ್ಟಿಲ್ಲ, ಬತ್ತೀನಿ ನರ್ಸಮ್ಮ’ ಅಂತ ಜಾಗ ಖಾಲಿ ಮಾಡುತ್ತಾರೆ. ಅವರನ್ನು ದೂರುವ ಹಾಗಿಲ್ಲ. ನಾನಾಗಿದ್ದರೂ ಹೋಗುತ್ತಿದ್ದೆ.

ಉಳಿದವರಿಗೆ ಪರೀಕ್ಷೆ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ. ಹೆಸರು ಬರೆದುಕೊಳ್ಳುವುದು ಒಂದು ಉದ್ದ ನೋಟ್ ಬುಕ್ಕಿನಲ್ಲಿ. ನಮ್ಮ ಕಡೆ ಒಂದೇ ಊರಿನಲ್ಲಿ ಐದು ಜನ ಜಯಮ್ಮ, ನಾಲ್ಕು ಜನ ಸಾಕಮ್ಮ, ಪುಟ್ಟಮ್ಮಂದಿರಿಗೆ ಲೆಕ್ಕವೇ ಇಲ್ಲ. ಗಂಡನ ಹೆಸರು ಬರೆದರೂ ಅಷ್ಟೇ, ಅಲ್ಲೂ ಮೂರು ಜನ ಸಿದ್ದೇಗೌಡರು ಸಿಗುತ್ತಾರೆ. ಫೋನ್ ನಂಬರ್ ಕಾಲಮ್ಮಿನಲ್ಲಿ ಬಾಯಿಗೆ ಬಂದ ನಂಬರು, ಹೆಚ್ಚಾಗಿ ಮಗನದ್ದು.

ನಮ್ಮ ಬೀದಿಯಲ್ಲೇ ಒಬ್ಬರು ಹೀಗೆ ಒಂದು ಶಿಬಿರದಲ್ಲಿ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶ ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ) ಮಾಡಿಸಿಕೊಂಡಿದ್ದರು. ಎಲ್ಲಿ, ಯಾರು ನಡೆಸಿದ್ದು ಅನ್ನುವುದು ಇಲ್ಲಿ ಬೇಡ. ರಿಪೋರ್ಟ್ ಬರಲಿಲ್ಲ. ಹೋಗಿ ಕೇಳಿದ್ದಕ್ಕೆ, ‘ಏನಾದ್ರೂ ಇದ್ದಿದ್ರೆ ಫೋನ್ ಬರ್ತಿತ್ತು, ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತ’ ಅಂದರಂತೆ. ಸಮಾಧಾನದಿಂದ ಮನೆಗೆ ಬಂದರು. ಮುಟ್ಟು ನಿಂತು ಎಷ್ಟೋ ಕಾಲದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗಲೂ ‘ಪರೀಕ್ಷೆ ಮಾಡ್ಸಿದ್ದೆ, ಏನೂ ಇರ್ಲಿಲ್ಲ’ ಅಂತಲೇ ಸುಮ್ಮನಿದ್ದರು. ಕೊನೆಗೆ ಬೆಂಗಳೂರಿಗೆ ಹೋಗಿ ರೇಡಿಯೇಷನ್ ತೆಗೆದುಕೊಳ್ಳಬೇಕಾಯಿತು. ಹಳೆಯ ಕಾಗದ ಹುಡುಕಿದರೆ ‘ಮುಂದಿನ ಪರೀಕ್ಷೆ ಅಗತ್ಯ’ ಅಂತ ಬರೆದ ರಿಪೋರ್ಟ್ ಒಂದು ಕಟ್ಟಿನೊಳಗೆ ಹಾಗೇ ಇತ್ತು. ಫೋನ್ ಮಾಡಿದ್ದರಂತೆ, ಮಗ ಅಷ್ಟರಲ್ಲಿ ಸಿಮ್ ಬದಲಾಯಿಸಿದ್ದ. ಅವರು ಈಗ ಚೆನ್ನಾಗಿದ್ದಾರೆ, ದೇವರು ದೊಡ್ಡವನು. ಆದರೆ ಯೋಚನೆ ಮಾಡಿ, ಆ ಶಿಬಿರಕ್ಕೆ ಹೋಗದೇ ಇದ್ದಿದ್ದರೆ ರಕ್ತ ಕಂಡ ಕೂಡಲೇ ಅವರು ಹೆದರಿಕೊಂಡಾದರೂ ಆಸ್ಪತ್ರೆಗೆ ಓಡುತ್ತಿದ್ದರೋ ಏನೋ. ರಿಪೋರ್ಟ್ ಕೊಡದ ತಪಾಸಣೆ ತಪಾಸಣೆ ಇಲ್ಲದ್ದಕ್ಕಿಂತ ಕೆಟ್ಟದ್ದು.

ಅದಕ್ಕೇ ನಾನು ಹೇಳುವುದು, ಮೊದಲು ಮಷೀನು ಬೇಡ, ಬಸ್ಸು ಬೇಡ, ಬ್ಯಾನರ್ ಮೊದಲೇ ಬೇಡ. ಹೆಸರಿನ ಪಟ್ಟಿ ಮಾಡಿ. ಊರೂರಿನ 30ರಿಂದ 65ರ ಪ್ರತಿಯೊಬ್ಬ ಹೆಂಗಸಿನ ಹೆಸರು, ಯಾವತ್ತು ನೋಡಿದ್ದು, ಏನು ಬಂತು, ಮತ್ತೆ ಯಾವಾಗ ಕರೆಯಬೇಕು. ಇಂಗ್ಲೆಂಡಿನಲ್ಲೂ 1960ರ ದಶಕದಿಂದಲೇ ಪ್ಯಾಪ್ ಸ್ಮಿಯರ್ ಇತ್ತು, ಬಂದವರಿಗೆ ಮಾಡುತ್ತಿದ್ದರು, ಕಾಯಿಲೆ ಅಂಥಾ ಏನೂ ಕಡಿಮೆ ಆಗಿರಲಿಲ್ಲ. 1988ರಲ್ಲಿ ಕಂಪ್ಯೂಟರಿನಲ್ಲಿ ಪಟ್ಟಿ ಹಾಕಿ, ಪ್ರತಿಯೊಬ್ಬಳಿಗೂ ಅವಳ ಹೆಸರಿಗೇ ಕಾಗದ ಕಳಿಸಿ ಕರೆಯುವುದಕ್ಕೆ ಶುರು ಮಾಡಿದರು. ತಪಾಸಣೆಯಾದವರು ಆ ವರ್ಷ ನೂರಕ್ಕೆ 42 ಇದ್ದದ್ದು 1994ರ ಹೊತ್ತಿಗೆ 85ಕ್ಕೆ ಹೋಯಿತು. ಕಾಯಿಲೆ, ಸಾವು ಎರಡೂ ಇಳಿದವು. ಪರೀಕ್ಷೆ ಅದೇ ಹಳೆಯ ಪ್ಯಾಪ್ ಸ್ಮಿಯರ್. ಬದಲಾದದ್ದು ಕರೆಯುವ ರೀತಿ ಅಷ್ಟೇ.

ಇಲ್ಲಿ ಒಂದು ಲೆಕ್ಕ ಹಾಕೋಣ. ಒಬ್ಬ ಆಶಾಗೆ ಅಂದಾಜು 1000 ಜನಸಂಖ್ಯೆ. ಅದರಲ್ಲಿ ಈ ವಯಸ್ಸಿನ ಹೆಂಗಸರು ಇನ್ನೂರು ಚಿಲ್ಲರೆ ಇರಬಹುದು. 5 ವರ್ಷಕ್ಕೊಮ್ಮೆ ಅಂದರೆ ವರ್ಷಕ್ಕೆ 40, 45 ಜನ. ತಿಂಗಳಿಗೆ ನಾಲ್ಕು ಜನ! ಇಷ್ಟೇ ಸ್ವಾಮಿ. ತಿಂಗಳಿಗೆ ನಾಲ್ಕು ಹೆಂಗಸರನ್ನು ಹೆಸರು ಹಿಡಿದು ಕರೆದು, ಅವರ ರಿಪೋರ್ಟ್ ಅವರ ಕೈಗೆ ಮುಟ್ಟಿಸಿದರೆ ಆ ಊರು ಪೂರ್ತಿ ಆಗುತ್ತದೆ. ಒಂದೇ ದಿನ ನೂರು ಜನರನ್ನು ಗುಡ್ಡೆ ಹಾಕಿ ಆಮೇಲೆ ವರ್ಷಗಟ್ಟಲೆ ಮರೆಯುವ ಅಗತ್ಯ ಏನಿದೆ?

ಪಟ್ಟಿ ಮಾಡುವುದು, ನಂಬರ್ ಕೊಡುವುದು ನಮಗೆ ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ತಾಯಿ ಕಾರ್ಡ್ ನೋಡಿ. ಬಸುರಿಯಾದ ಕೂಡಲೇ ಒಂದು ಕಾರ್ಡು, ಅದಕ್ಕೊಂದು ನಂಬರು, ಧನುರ್ವಾಯು ಇಂಜೆಕ್ಷನ್ ತಪ್ಪಿದರೆ ನರ್ಸು ಮನೆ ಬಾಗಿಲಿಗೆ. ತವರಿಗೆ ಹೋದರೂ ಅಲ್ಲಿನವರು ಅದೇ ಕಾರ್ಡ್ ಕೇಳುತ್ತಾರೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಎಸ್‌ಆರ್‌ಎಫ್ ನಂಬರು ಬರುತ್ತಿತ್ತು, ನೆನಪಿದೆ ಅಲ್ವಾ? ಅದನ್ನು ಹಾಕಿದರೆ ರಿಪೋರ್ಟ್ ಮೊಬೈಲಿನಲ್ಲೇ ಕಾಣುತ್ತಿತ್ತು. ಪಾಸಿಟಿವ್ ಬಂದರಂತೂ ನಾವು ನೋಡುವ ಮುಂಚೆಯೇ ಪಂಚಾಯ್ತಿಯವರು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಅಂಥ ಕೆಲಸ ಮಾಡಿದ ಇಲಾಖೆಗೆ ಒಬ್ಬ ಜಯಮ್ಮನ ರಿಪೋರ್ಟ್ ಒಬ್ಬ ಜಯಮ್ಮನಿಗೆ ತಲುಪಿಸುವುದು ಕಷ್ಟವೇ? ಈಗಾಗಲೇ ಆಶಾಗಳು 30 ದಾಟಿದವರ ಮನೆಗೆ ಹೋಗಿ ಬಿಪಿ, ಶುಗರ್, ತಂಬಾಕು, ಬಿಳಿ ಸೆರಗು ಎಲ್ಲಾ ಕೇಳಿ ಫಾರಂ ತುಂಬುತ್ತಿದ್ದಾರೆ. ಹೆಸರು ಅಲ್ಲೇ ಇದೆ. ಅದನ್ನು ಹಿಡಿದು ಮುಂದಕ್ಕೆ ಹೋಗುವವರು ಬೇಕು.

ಇನ್ನು ಪರೀಕ್ಷೆಯ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಆಧುನಿಕ ಮಾಡುವುದು ಅಂದರೆ ಇಲ್ಲೇ.

ಈಗ ನಮ್ಮ ಕೇಂದ್ರಗಳಲ್ಲಿ ಮಾಡಬೇಕಾದದ್ದು ವಿಐಎ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಸಿಡ್, ಅಂದರೆ ವಿನೆಗರ್ ಥರದ್ದು, ಹತ್ತಿಯಲ್ಲಿ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಅಗ್ಗ, ಅಲ್ಲೇ ಉತ್ತರ ಸಿಗುತ್ತದೆ, ಲ್ಯಾಬ್ ಬೇಡ. ಇದನ್ನು ಹಗುರ ಮಾಡುವುದಿಲ್ಲ ನಾನು. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಹತ್ತನೇ ಕ್ಲಾಸ್ ಓದಿದ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿಸಿ, ಸಾವನ್ನು ನೂರಕ್ಕೆ 31ರಷ್ಟು ಇಳಿಸಿ ತೋರಿಸಿದ್ದಾರೆ. ಆದರೆ ಅಲ್ಲಿ ತರಬೇತಿಯ ಮೇಲೆ ತರಬೇತಿ, ಹಿಂದೆ ನಿಂತು ನೋಡುವ ಡಾಕ್ಟರು ಇದ್ದರು. ಇಲ್ಲಿ ವರ್ಷಕ್ಕೆ ಒಂದು ದಿನದ ಟ್ರೈನಿಂಗ್, ಊಟ, ಸರ್ಟಿಫಿಕೇಟ್, ಮನೆಗೆ. ಕಣ್ಣಿಗೆ ಅಭ್ಯಾಸ ಆಗಬೇಕು, ಬೆಳಕು ಸರಿ ಇರಬೇಕು. ಸೋಂಕಾಗಿ ಬೆಳ್ಳಗಿದ್ದರೆ ಅದೂ ಪಾಸಿಟಿವ್ ಥರವೇ ಕಾಣುತ್ತದೆ. 50 ದಾಟಿದವರಲ್ಲಿ ಹೆಚ್ಚಾಗಿ ನೋಡಬೇಕಾದ ಜಾಗವೇ ಒಳಗೆ ಸರಿದಿರುತ್ತದೆ, ಸರಿಯಾಗಿ ಕಾಣುವುದಿಲ್ಲ. ಹಾಗಿದ್ದೂ 65ರವರೆಗೂ ಇದೊಂದೇ ಪರೀಕ್ಷೆ.

ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. 1 ಲಕ್ಷ 31 ಸಾವಿರಕ್ಕೂ ಜಾಸ್ತಿ ಹೆಂಗಸರು, ಎಲ್ಲಾ ನಮ್ಮಂಥ ಹೊಲ ಗದ್ದೆಯವರೇ. ಒಂದು ಗುಂಪಿಗೆ ವಿಐಎ, ಒಂದಕ್ಕೆ ಪ್ಯಾಪ್, ಒಂದಕ್ಕೆ ಆ ವೈರಸ್ಸೇ ಇದೆಯಾ ಅಂತ ನೋಡುವ ಎಚ್‌ಪಿವಿ ಪರೀಕ್ಷೆ, ಇನ್ನೊಂದು ಗುಂಪಿಗೆ ಆಗ ಇದ್ದ ಮಾಮೂಲಿ ವ್ಯವಸ್ಥೆ. 2009ರಲ್ಲಿ ಫಲಿತಾಂಶ ಬಂತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಉಳಿದ ಎರಡು ಪರೀಕ್ಷೆಗಳಿಂದ ಅಂಥ ಇಳಿಕೆ ಅಲ್ಲಿ ಕಾಣಲಿಲ್ಲ. ಇಡೀ ಜಗತ್ತು ಆ ಹಳ್ಳಿಗಳ ಹೆಂಗಸರಿಂದ ಪಾಠ ಕಲಿತಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಪರೀಕ್ಷೆ ಮಾಡಿ ಅಂತ ಹೇಳಿತು, 30 ವರ್ಷದಿಂದ ಶುರು ಮಾಡಿ 5ರಿಂದ 10 ವರ್ಷಕ್ಕೊಮ್ಮೆ ಸಾಕು ಅಂತ. ಪರೀಕ್ಷೆಗೆ ಒಳಗಾದ ಊರು ನಮ್ಮ ಪಕ್ಕದ್ದು, ಅದರ ಲಾಭ ಆಸ್ಟ್ರೇಲಿಯಾಕ್ಕೆ. ಅವರು 2017ರ ಡಿಸೆಂಬರಿನಲ್ಲೇ ಪ್ಯಾಪ್ ಬಿಟ್ಟು ಎಚ್‌ಪಿವಿಗೆ ಬಂದರು.

ಎಚ್‌ಪಿವಿ ಪರೀಕ್ಷೆಯ ಇನ್ನೊಂದು ದೊಡ್ಡ ಲಾಭ ಏನೆಂದರೆ ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದು. ಕಡ್ಡಿಯ ತುದಿಯಲ್ಲಿ ಸಣ್ಣ ಮೆತ್ತನೆ ಬ್ರಷ್. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಇಟ್ಟು, ನಾಲ್ಕೈದು ಸುತ್ತು ತಿರುಗಿಸಿ, ಟ್ಯೂಬಿಗೆ ಹಾಕಿ ಮುಚ್ಚಳ ಮುಚ್ಚಿದರೆ ಮುಗಿಯಿತು. ಟೇಬಲ್ ಮೇಲೆ ಮಲಗಬೇಕಾಗಿಲ್ಲ, ಕಬ್ಬಿಣದ ಸಲಕರಣೆ ಇಲ್ಲ, ಯಾರೂ ನೋಡುವುದಿಲ್ಲ. ಕೋವಿಡ್‌ಗೆ ಮಾಡುತ್ತಿದ್ದ ಥರದ ಸರಿಯಾದ ಪಿಸಿಆರ್ ಪರೀಕ್ಷೆಯಾದರೆ ಡಾಕ್ಟರ್ ತೆಗೆದ ಮಾದರಿಯಷ್ಟೇ ಚೆನ್ನಾಗಿ ಇದೂ ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ 2022ರ ಜುಲೈಯಿಂದ ಯಾರು ಬೇಕಾದರೂ ಹೀಗೆ ಮಾಡಿಕೊಳ್ಳಬಹುದು. ಅಷ್ಟು ದೂರ ಯಾಕೆ, ಮೈಸೂರಿನಲ್ಲೇ ಇರುವ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದವರು ನಮ್ಮ ಸುತ್ತಿನ ಹೆಂಗಸರ ಜೊತೆಯೇ ಇದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಹಳ್ಳಿ ಹೆಂಗಸರಿಗೆ ಗೊತ್ತಾಗುವುದಿಲ್ಲ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಮನೆಯಲ್ಲೇ ಕಡ್ಡಿ ತಂದು ಬಸುರಿ ಟೆಸ್ಟ್ ಮಾಡಿಕೊಳ್ಳುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರು ಟ್ರೈನಿಂಗ್ ಕೊಟ್ಟು ಕಲಿಸಿದರು?

ಯಂತ್ರ ಎಲ್ಲಿಂದ ತರುವುದು ಅಂತ ಕೇಳುತ್ತಾರೆ. ಟಿಬಿಗೆ ಕಫ ಪರೀಕ್ಷೆ ಮಾಡುವ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಇವೆ. ಎಚ್‌ಪಿವಿಗೆ ಬೇರೆ ಕಾರ್ಟ್ರಿಜ್, ಬೇರೆ ಚಿಪ್ ಹಾಕಿದರೆ ಅದೇ ಥರದ ಯಂತ್ರದಲ್ಲಿ ನೋಡಬಹುದು. ಟಿಬಿಯವರ ಕೆಲಸ ಕೆಡಬಾರದು, ಅದು ನಿಜ, ಅವರಿಗೆ ಮೊದಲ ಪಾಳಿ. ಕೋವಿಡ್‌ಗೆ ಅಂತ ಮೆಡಿಕಲ್ ಕಾಲೇಜುಗಳಲ್ಲಿ ಹಾಕಿದ ಪಿಸಿಆರ್ ಲ್ಯಾಬುಗಳೂ ಇವೆ. ಕಿಟ್ಟಿಗೆ ದುಡ್ಡು ಜಾಸ್ತಿ ಆಗುತ್ತದೆ, ವಿನೆಗರಿನ ರೇಟಿಗೆ ಬರುವುದಿಲ್ಲ. ಆದರೆ ನೆಗೆಟಿವ್ ಬಂದವಳನ್ನು 5 ವರ್ಷ ಧೈರ್ಯವಾಗಿ ಬಿಡಬಹುದು, ರಾಜ್ಯಕ್ಕೆಲ್ಲ ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ.

ಕಿಟ್ ಕೊಡುವುದಕ್ಕೆ ಆಸ್ಪತ್ರೆಗೇ ಬರಬೇಕು ಅಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಬೆಳಗ್ಗೆ ಸಂಜೆ ಹೆಂಗಸರು ತಪ್ಪದೇ ಬರುವ ಜಾಗ ಅಂದರೆ ಹಾಲಿನ ಡೈರಿ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ, ಡಿಗ್ರಿ ನೋಡುವವರೆಗೂ ಮಾತು ಕತೆ. ಅಲ್ಲಿ ಆಶಾ ಹೋಗಿ ‘ಈ ತಿಂಗಳು ನಿನ್ ಸರದಿ ಕಣಕ್ಕ’ ಅಂತ ಬರಿ ತಿಳಿಸಿ, ಕಿಟ್ಟನ್ನು ಮನೆಯಲ್ಲಿ ಕೊಟ್ಟರೆ ಆಯಿತು. ಸ್ತ್ರೀಶಕ್ತಿ ಸಂಘದ ವಾರದ ಸಭೆ ಇದೆ. ಮದ್ದೂರಿನ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಬೆಳಗ್ಗೆ ಕತ್ತಲಲ್ಲೇ ಟೆಂಪೋ ಹತ್ತಿ ರಾತ್ರಿ ಬರುತ್ತಾರೆ, ಅವರಿಗೆ ಹತ್ತು ಗಂಟೆಯ ಓಪಿಡಿ ಎಲ್ಲಿ ಸಿಗಬೇಕು? ಒಂದು ದಿನ ರಜೆ ಹಾಕಿದರೆ ಹಾಜರಿ ಬೋನಸ್ ಹೋಯಿತು. ಬಸ್ಸು ಫ್ರೀ ಆಗಿದೆ, ಸಂತೋಷ, ಆದರೆ ಆ ದಿನದ ಕೂಲಿಯನ್ನು ಶಕ್ತಿ ಯೋಜನೆ ಕೊಡುವುದಿಲ್ಲವಲ್ಲ. ಅವರಿಗೆ ಭಾನುವಾರ ಕಿಟ್ ಸಿಗಬೇಕು. ನಾಟಿ ಟೈಮಿನಲ್ಲಿ, ಆಲೆಮನೆ ನಡೆಯುವಾಗ ಯಾರನ್ನೂ ಕರೆಯಬೇಡಿ, ಬರುವುದಿಲ್ಲ.

ರಿಪೋರ್ಟ್ ಹೇಗೆ ಹೇಳಬೇಕು ಅನ್ನುವುದು ಪರೀಕ್ಷೆಗಿಂತ ಸೂಕ್ಷ್ಮ. ಕೋವಿಡ್ ಥರ ಮೆಸೇಜ್ ಕಳಿಸಿದರೆ ಅದು ಹೋಗುವುದು ಗಂಡನ ಫೋನಿಗೆ. ‘ಎಚ್‌ಪಿವಿ ಪಾಸಿಟಿವ್’ ಅಂತ ಅಲ್ಲಿ ಬಂದರೆ ಏನಾಗುತ್ತದೆ? ಯಾರೋ ಓದಿದ ಹುಡುಗ ಗೂಗಲ್ ಮಾಡಿ ಇದು ಲೈಂಗಿಕ ಸಂಪರ್ಕದಿಂದ ಬರುವ ವೈರಸ್ ಅಂತ ಹೇಳುತ್ತಾನೆ, ಸಂಜೆ ಹೊತ್ತಿಗೆ ಆ ಮನೆಯಲ್ಲಿ ಪಂಚಾಯ್ತಿ. ಬಂದದ್ದು ಯಾವ ಕಾಲದಲ್ಲೋ, ಗಂಡನಿಂದಲೇ ಬಂದಿರಬಹುದು, ಹತ್ತು ವರ್ಷದಿಂದ ಸದ್ದಿಲ್ಲದೆ ಇದ್ದಿರಬಹುದು. ಅದರಿಂದ ಯಾರ ನಡತೆಯನ್ನೂ ಅಳೆಯುವುದಕ್ಕೆ ಆಗುವುದಿಲ್ಲ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲೂ ಅಲ್ಲ. ಇದನ್ನೆಲ್ಲ ಮೆಸೇಜಿನಲ್ಲಿ ಹೇಳಲಾಗುವುದಿಲ್ಲ, ಪಕ್ಕದಲ್ಲಿ ಕೂತು ಹೇಳಬೇಕು. ಹಾಗಾಗಿ ಫೋನಿಗೆ ‘ಆರೋಗ್ಯ ಕೇಂದ್ರಕ್ಕೆ ಬನ್ನಿ’ ಅನ್ನುವಷ್ಟು ಮಾತ್ರ ಹೋಗಲಿ, ನೆಗೆಟಿವ್ ಬಂದವರಿಗೂ ಅದೇ ಮೆಸೇಜ್ ಹೋಗಲಿ, ಆಗ ಯಾರಿಗೂ ಅನುಮಾನ ಬರುವುದಿಲ್ಲ. ಯಾರ ಫೋನಿಗೆ ಕಳಿಸಬೇಕು ಅಂತ ಹೆಸರು ಬರೆಯುವಾಗಲೇ ಆ ಹೆಂಗಸನ್ನೇ ಕೇಳಿ.

ಪಾಸಿಟಿವ್ ಬಂದ ಮೇಲೆ ಎಲ್ಲಿಗೆ ಹೋಗಬೇಕು? ಈಗ ಉತ್ತರ ‘ಮಂಡ್ಯಕ್ಕೆ ಹೋಗಿ’, ಇಲ್ಲವೇ ‘ಮೈಸೂರಿಗೆ ಹೋಗಿ’. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಯಾವ ದಿನ, ಯಾವ ರೂಮು, ಯಾರು ನೋಡುತ್ತಾರೆ ಅಂತ ಚೀಟಿಯಲ್ಲಿ ಇರುವುದಿಲ್ಲ. ಮಳವಳ್ಳಿ ಆಚೆಯಿಂದ ಬಂದವಳು ಒಂದು ದಿನ ಓಪಿಡಿ ಸಾಲು, ಇನ್ನೊಂದು ದಿನ ಸ್ಕ್ಯಾನಿಂಗ್ ಸಾಲು, ಮೂರನೇ ಸಲಕ್ಕೆ ಬರುವುದೇ ಇಲ್ಲ. ಕ್ಯಾನ್ಸರ್ ಪೂರ್ವದ ಸಣ್ಣ ಜಾಗವನ್ನು ಬಿಸಿಯಿಂದ ಸುಡುವ ಥರ್ಮಲ್ ಅಬ್ಲೇಷನ್ ಅಂತ ಇದೆ. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಸಾಧನ, ಬ್ಯಾಟರಿಯಲ್ಲೂ ನಡೆಯುತ್ತದೆ, ಒಂದು ನಿಮಿಷದೊಳಗಿನ ಕೆಲಸ, ಅನಸ್ತೇಷಿಯಾ ಸಾಮಾನ್ಯವಾಗಿ ಬೇಡ. ತರಬೇತಿಯಾದ ಡಾಕ್ಟರೋ ನರ್ಸೋ ಮಾಡಬಹುದು. ಒಂದೊಂದು ತಾಲ್ಲೂಕು ಆಸ್ಪತ್ರೆಗೆ ಒಂದು ಇಟ್ಟು, ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಬಂದ ದಿನವೇ ನೋಡಿ ಬಂದ ದಿನವೇ ಚಿಕಿತ್ಸೆ ಕೊಟ್ಟು ಕಳಿಸಲಿ. ಆ ಜಾಗ ದೊಡ್ಡದಾಗಿ ಕಂಡವರನ್ನು, ಒಳಗಿನವರೆಗೂ ಹಬ್ಬಿರುವವರನ್ನು ಮಾತ್ರ ದೊಡ್ಡ ಆಸ್ಪತ್ರೆಗೆ, ಅದೂ ದಿನಾಂಕ ಬರೆದ ಚೀಟಿ ಕೊಟ್ಟು ಕಳಿಸಬೇಕು. ಚಿಕಿತ್ಸೆಯಾದ ಮೇಲೆ ಸುಮಾರು ಒಂದು ತಿಂಗಳು ಗಂಡ ದೂರ ಇರಬೇಕು. ಇದನ್ನು ಗಂಡನಿಗೆ ಯಾರು ಹೇಳುತ್ತಾರೆ? ಅವಳು ಹೇಳಿದರೆ ನಡೆಯುವುದಿಲ್ಲ, ಡಾಕ್ಟರ್ ಬಾಯಿಂದಲೇ ಬರಬೇಕು. ನನ್ನ ಸರ್ವಿಸಿನಲ್ಲಿ ನೋಡಿದ್ದೇನೆ, ಎಷ್ಟೋ ಹೆಂಗಸರು ಚಿಕಿತ್ಸೆ ಮುಂದೂಡುವುದು ಇದೊಂದೇ ಭಯಕ್ಕೆ. ಒಂದು ವರ್ಷದ ಮೇಲೆ ಮತ್ತೊಮ್ಮೆ ಪರೀಕ್ಷೆ ಆಗಬೇಕು, ಅದಕ್ಕೂ ಪಟ್ಟಿ ಬೇಕು.

ಇನ್ನೊಂದು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಬಿಳಿ ಸೆರಗು, ಸೊಂಟ ನೋವು ಅಂತ ಹೋದ 35, 40ರ ಹೆಂಗಸಿಗೆ ಕೆಲವು ಕಡೆ ‘ಹಿಂಗೇ ಬಿಟ್ರೆ ಕ್ಯಾನ್ಸರ್ ಆಗುತ್ತೆ, ಗರ್ಭಕೋಶ ತೆಗೆಸಿಬಿಡಿ’ ಅಂತ ಹೆದರಿಸುತ್ತಾರೆ. ಒಂದು ಪರೀಕ್ಷೆಯನ್ನೂ ಮಾಡಿರುವುದಿಲ್ಲ. ಒಡವೆ ಅಡ ಇಟ್ಟು ಆಪರೇಷನ್ ಮಾಡಿಸಿಕೊಂಡು ಬಂದವರನ್ನು ಎಷ್ಟು ಜನರನ್ನು ಬೇಕಾದರೂ ತೋರಿಸಬಲ್ಲೆ. ಊರಲ್ಲೇ ಸರಿಯಾದ ಪರೀಕ್ಷೆ ಸಿಕ್ಕರೆ ಈ ಹೆದರಿಸುವ ಅಂಗಡಿಗೆ ಗಿರಾಕಿ ಕಡಿಮೆ ಆಗುತ್ತಾರೆ. ಆ ಕಡೆ ಮಕ್ಕಳಾಗದ ಆಪರೇಷನ್ ಆದವರು ‘ನಂಗೆ ಆಪ್ರೇಸನ್ ಆಗೈತೆ ಬುಡಿ, ನಂಗ್ಯಾಕೆ’ ಅಂತ ತಪ್ಪಿಸಿಕೊಳ್ಳುತ್ತಾರೆ. ಆ ಆಪರೇಷನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ, ಅವರಿಗೂ ಪರೀಕ್ಷೆ ಬೇಕು. ಮುಟ್ಟು ನಿಂತ ಮೇಲೆ ರಕ್ತ, ಸಂಪರ್ಕದ ನಂತರ ರಕ್ತ, ವಾಸನೆಯ ಸೆರಗು ಇದ್ದವರು ಯಾವ ಸರದಿಯನ್ನೂ ಕಾಯಬಾರದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ತಪಾಸಣೆ ಇರುವುದು ಏನೂ ತೊಂದರೆ ಇಲ್ಲದವರಿಗೆ.

ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ 6 ಪಟ್ಟು ಜಾಸ್ತಿ. ಅವರಿಗೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ನೋಡಬೇಕು. ಅವರು ಮಾತ್ರೆಗೆ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರಿಗೆ ಬಂದೇ ಬರುತ್ತಾರೆ, ಅಲ್ಲೇ ಕಿಟ್ ಕೊಡಬಹುದು, ಹುಡುಕಿಕೊಂಡು ಹೋಗುವ ಕೆಲಸವೂ ಇಲ್ಲ. ಇನ್ನು ಲಸಿಕೆ. ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ 2023ರಲ್ಲಿ ಬಂದಿದೆ, 9ರಿಂದ 14ರ ಹೆಣ್ಣುಮಕ್ಕಳಿಗೆ ಲಸಿಕೆ ಬಗ್ಗೆ ಕೇಂದ್ರ 2024ರ ಬಜೆಟ್ಟಿನಲ್ಲೇ ಹೇಳಿತ್ತು, ಸಿಕ್ಕಿಂ 2018ರಲ್ಲೇ ಇಡೀ ರಾಜ್ಯಕ್ಕೆ ಲಸಿಕೆ ಕೊಟ್ಟಿತ್ತು. ಎಲ್ಲ ಹೆಣ್ಣುಮಕ್ಕಳಿಗೂ ಬೇಗ ಸಿಗಲಿ. ಆದರೆ ಈಗ 40 ದಾಟಿರುವ ಅಮ್ಮಂದಿರಿಗೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ. ಲಸಿಕೆ ಬಂತು ಅಂತ ತಪಾಸಣೆ ಮೂಲೆಗೆ ಬೀಳಬಾರದು.

ಆಶಾಗಳ ಮೇಲೆ ಇನ್ನೊಂದು ಕೆಲಸ ಹೊರಿಸುತ್ತಿದ್ದೀಯಲ್ಲ ಅಂತ ನನ್ನ ಹಳೆಯ ಸಹೋದ್ಯೋಗಿಗಳೇ ಬೈಯುತ್ತಾರೆ, ಗೊತ್ತು. 2025ರ ಜನವರಿ ಚಳಿಯಲ್ಲಿ ಅವರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೆಲ್ಲಾ ಕೂತಿದ್ದು ಎಲ್ಲರೂ ನೋಡಿದ್ದೇವೆ. ಆದ್ದರಿಂದ ಕಿಟ್ ಕೊಟ್ಟಿದ್ದಕ್ಕಲ್ಲ, ರಿಪೋರ್ಟ್ ಮುಟ್ಟಿಸಿದ್ದಕ್ಕೆ, ಪಾಸಿಟಿವ್ ಬಂದವಳನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗಿದ್ದಕ್ಕೆ ಪ್ರೋತ್ಸಾಹಧನ ಕೊಡಿ. ಈಗಿರುವ ಮೊಬೈಲ್ ಆ್ಯಪ್‌ಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿದರೂ ಅವರಿಗೆ ಟೈಮ್ ಸಿಗುತ್ತದೆ.

ಎಲ್ಲಾ ಜಿಲ್ಲೆಗೂ ಒಟ್ಟಿಗೆ ಮಾಡಿ ಅಂತ ನಾನು ಕೇಳುವುದಿಲ್ಲ. ಒಂದೇ ತಾಲ್ಲೂಕು ತೆಗೆದುಕೊಳ್ಳಿ, ಪಾಂಡವಪುರವೋ ನಾಗಮಂಗಲವೋ. ಜಿಲ್ಲಾ ಆರೋಗ್ಯಾಧಿಕಾರಿಗಳು, ಜಿಲ್ಲಾ ಪಂಚಾಯ್ತಿ ಸಿಇಒ ಕೂತು ಮನಸ್ಸು ಮಾಡಿದರೆ ಒಂದು ವರ್ಷದ ಕೆಲಸ. ವರ್ಷದ ಕೊನೆಗೆ ಎಷ್ಟು ಹೆಸರು ಪಟ್ಟಿಯಲ್ಲಿತ್ತು, ಎಷ್ಟು ಜನ ಮಾದರಿ ಕೊಟ್ಟರು, ಎಷ್ಟು ರಿಪೋರ್ಟ್ ಕೈ ಸೇರಿತು, ಪಾಸಿಟಿವ್ ಬಂದವರಲ್ಲಿ ಎಷ್ಟು ಜನರ ಚಿಕಿತ್ಸೆ ಮುಗಿಯಿತು ಅಂತ ಆರೋಗ್ಯ ಕೇಂದ್ರದ ಗೋಡೆ ಮೇಲೆ ಬರೆಸಲಿ. ಚೆನ್ನಾಗಿ ಆಗದಿದ್ದರೂ ಬರೆಸಲಿ, ಎಲ್ಲಿ ಜಾರಿತು ಅಂತ ಗೊತ್ತಾದರೆ ಮುಂದಿನ ತಾಲ್ಲೂಕಿಗೆ ಅನುಕೂಲ.

ಕಿಟ್ ಹೇಗೆ ಬಳಸಬೇಕು ಅಂತ ಮನೆ ಮನೆಗೆ ಹೋಗಿ ಹೇಳಿಕೊಡುವುದಕ್ಕೆ ಜನ ಸಾಲದು ಅಂದರೆ, ನನ್ನಂಥ ನಿವೃತ್ತ ನರ್ಸಮ್ಮಂದಿರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದೇವೆ. ಕರೆದರೆ ಬರುತ್ತೇವೆ. ಟಿಎ ಡಿಎ ತಕರಾರಿಲ್ಲ, ಬಸ್ಸು ಹೇಗೂ ಫ್ರೀ. ಮಧ್ಯಾಹ್ನ ಒಂದು ಊಟ ಕೊಟ್ಟರೆ ಸಾಕು, ಮುದ್ದೆ ಇದ್ದರೆ ಇನ್ನೂ ಒಳ್ಳೆಯದು.

ಇಂತಿ,
ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿ
ಮಂಡ್ಯ